192 ಏರಿತು, 12 ಏರಲಿಲ್ಲ: ಹಾರ್ಡ್ ಡಿಸ್ಕ್ ‘ಟಕ್’ ಪತ್ತೇದಾರಿಕೆ

ಕಳ್ಳ ಸಿಕ್ಕಿಬಿದ್ದ. ಮಳೆಗಾಲ ಪೂರ್ತಿ ತಲೆ ತಿಂದ ಆ ‘ಟಕ್’ ಶಬ್ದ ಬರುತ್ತಿದ್ದದ್ದು ಹಾರ್ಡ್ ಡಿಸ್ಕಿನಿಂದಲೇ, ಆದರೆ ತಪ್ಪು ಅದರದ್ದಲ್ಲ.

ಕ್ಲೋನ್ (ಡಿಸ್ಕಿನ ಪೂರ್ತಿ ನಕಲು) ತೆಗೆದದ್ದು, ಡೇಟಾ ಸಾಗಿಸುವ ಸಾಟಾ ಕೇಬಲ್ ಬದಲಿಸಿದ್ದು, ಡಿಸ್ಕ್ ಪೂರ್ತಿ ಓದಿ ನೋಡುವ ಲಾಂಗ್ ಟೆಸ್ಟ್ ಓಡಿಸಿದ್ದು ಇವನ್ನೆಲ್ಲ ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ. ಕ್ಯಾಬಿನೆಟ್ ಒಳಗೆ ಮೂರೂವರೆ ಇಂಚಿನ ಎರಡು ಡಿಸ್ಕ್, ಎರಡೂ 7200 ಆರ್‌ಪಿಎಂ. ಟಕ್ ಅನ್ನುತ್ತಿದ್ದ ಮೊದಲನೆಯದರಲ್ಲಿ ತೋಟದ ಹಳೇ ಮಳೆ ಲೆಕ್ಕದ ಪುಸ್ತಕಗಳ ಫೋಟೋಗಳಿವೆ, ಅದಕ್ಕೇ ಇಷ್ಟು ಗಾಬರಿ. ಇನ್ನೊಂದು ಬರೀ ಬ್ಯಾಕಪ್‌ಗೆ, ಕೆಲಸ ಇಲ್ಲದಾಗ ಮಲಗಿಬಿಡುತ್ತದೆ. ನನ್ನ ಎಸ್‌ಎಂಪಿಎಸ್‌ಗೆ (ಕಂಪ್ಯೂಟರಿನ ಪವರ್ ಸಪ್ಲೈ ಡಬ್ಬ) ಸಾಟಾ ಪವರ್ ಬಾಯಿ ಇರುವುದೇ ಎರಡು. ಅವನ್ನು ಎಸ್‌ಎಸ್‌ಡಿ ಮತ್ತು ಡಿವಿಡಿ ರೈಟರ್ ಹಿಡಿದುಕೊಂಡಿದ್ದವು. ಹಾಗಾಗಿ ಎರಡು ಹಾರ್ಡ್ ಡಿಸ್ಕಿಗೂ ಒಂದೇ ಮೋಲೆಕ್ಸ್‌ನಿಂದ (ಹಳೇ ಬಗೆಯ ನಾಲ್ಕು ಪಿನ್ನಿನ ಪವರ್ ಕನೆಕ್ಟರ್) ಕವಲೊಡೆದ ಕೇಬಲ್, ಅಂದರೆ ಸ್ಪ್ಲಿಟರ್. ಅನುಭವಸ್ಥರು ಇಲ್ಲಿಗೇ ನಗಲು ಶುರುಮಾಡಿರುತ್ತೀರಿ. ನಗಿ, ಆದರೆ ಪೂರ್ತಿ ಕೇಳಿ.

ಶಬ್ದ ಬರುತ್ತಿದ್ದದ್ದು ಹೆಚ್ಚಾಗಿ ಸಂಜೆ. ಯಾರೋ ಪಕ್ಕದಲ್ಲಿ ಕೂತು ನೆಟಿಗೆ ತೆಗೆದ ಹಾಗೆ ಒಂದೇ ಒಂದು ‘ಟಕ್’, ಹಿಂದೆಯೇ ಸಣ್ಣ ‘ಚರಕ್’, ಆಮೇಲೆ ಏನೂ ಆಗದ ಹಾಗೆ ಮೌನ. ಅಮ್ಮ ಅದನ್ನು ಹಲ್ಲಿ ಲೊಚಗುಟ್ಟಿದ್ದು ಅಂದುಕೊಂಡು ಪ್ರತಿ ಸಲ ‘ಕೃಷ್ಣ ಕೃಷ್ಣ’ ಅನ್ನುತ್ತಿದ್ದರು. ಎಷ್ಟೋ ದಿನ ಶಬ್ದ ನನಗಿಂತ ಮೊದಲು ಗೊತ್ತಾಗುತ್ತಿದ್ದದ್ದು ಅವರಿಗೇ.

ಸಾಯುವ ಡಿಸ್ಕ್ ಸಾಮಾನ್ಯವಾಗಿ ಹೀಗೆ ಒಂದೇ ಸಲ ಬಡಿದು ಸುಮ್ಮನಾಗುವುದಿಲ್ಲ. ಓದುವ ಹೆಡ್‌ಗೆ ತಾನೆಲ್ಲಿದ್ದೇನೆ ಎಂದು ತಿಳಿಸುವ ಸರ್ವೋ ಗುರುತು ಓದಲು ಆಗದೆ ಹಿಂದೆ ಬರುತ್ತದೆ, ಮತ್ತೆ ಹೋಗುತ್ತದೆ, ಟಕ್ ಟಕ್ ಟಕ್ ಅಂತ ತಾಳ ಹಿಡಿದು ಬಡಿಯುತ್ತದೆ, ಕೊನೆಗೆ ಮೋಟರ್ ಕೂಡ ಸೋತು ನಿಲ್ಲುತ್ತದೆ. ಕೆಲಸ ಇಲ್ಲದಾಗ ಹೆಡ್ ಬದಿಗೆ ಸರಿದು ನಿಲ್ಲುವ ಹೆಡ್ ಪಾರ್ಕಿಂಗ್ ಇರಬಹುದೇ? ಎಂಟು ಸೆಕೆಂಡ್ ಸುಮ್ಮನೆ ಕೂತರೆ ಸಾಕು ಪಾರ್ಕ್ ಮಾಡಿಬಿಡುವ ಡಿಸ್ಕ್‌ಗಳೂ ಇವೆ. ಆದರೆ ಆ ಶಬ್ದ ಮೆತ್ತಗಿರುತ್ತದೆ, ಮತ್ತು ಸ್ಮಾರ್ಟ್ ಪಟ್ಟಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ನಂಬರ್ ಹಾಕಿ ತಾನೇ ಬರೆದಿಡುವ ಲೆಕ್ಕಗಳು) 193, ಅಂದರೆ ಪಾರ್ಕಿಂಗ್ ಲೆಕ್ಕ, ದಬದಬ ಏರುತ್ತದೆ. ಇಲ್ಲಿ ಎರಡೂ ಇಲ್ಲ. ಕೆಟ್ಟ ಜಾಗಗಳ ಲೆಕ್ಕವಾದ 5, 197, 198 ಮೂರೂ ಸೊನ್ನೆ. ಡೇಟಾ ಸಾಗುವಾಗಿನ ತಪ್ಪುಗಳ ಲೆಕ್ಕ 199 ಅಲ್ಲಾಡಿಲ್ಲ, ಅಂದರೆ ಡೇಟಾ ಕೇಬಲ್ ನಿರಪರಾಧಿ.

ಪೇಟೆಯ ಅಂಗಡಿಯವರಿಗೆ ತೋರಿಸಿದೆ. ಪ್ಲಗ್ ಕೂಡ ಹಾಕಲಿಲ್ಲ, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ‘ಹೋಗಿದೆ ಸಾರ್, ಎಸ್‌ಎಸ್‌ಡಿ ಹಾಕ್ಸಿಬಿಡಿ’ ಅಂದರು. ಹಾರ್ಡ್ ಡಿಸ್ಕನ್ನು ತೆಂಗಿನಕಾಯಿ ಪರೀಕ್ಷೆ ಮಾಡುವವರ ಹತ್ತಿರ ಏನು ವಾದ ಮಾಡುವುದು! ಆನ್‌ಲೈನ್‌ನವರು ಇದಕ್ಕಿಂತ ಒಂದು ಕೈ ಮೇಲು. ಕ್ಲೋನ್‌ಗೆಂದು ‘ಸೀಲ್ಡ್ ಪ್ಯಾಕ್’ ಡಿಸ್ಕ್ ತರಿಸಿದರೆ ಸ್ಮಾರ್ಟ್ ಪಟ್ಟಿಯ 9ರಲ್ಲಿ, ಅಂದರೆ ಓಡಿದ ಗಂಟೆಗಳ ಲೆಕ್ಕದಲ್ಲಿ, ಐದಂಕಿ ಕೂತಿತ್ತು. ವಾಪಸ್ ಕಳಿಸಲು ಪಟ್ಟ ಪಾಡು ಇನ್ನೊಮ್ಮೆ ಬರೆಯುತ್ತೇನೆ, ಈಗ ಬಿಪಿ ಏರುತ್ತದೆ.

ಮೊದಲ ಸುಳಿವು ಸಿಕ್ಕಿದ್ದು 192ರಲ್ಲಿ. ಪವರ್ ಹಠಾತ್ತನೆ ಹೋದಾಗ ಡಿಸ್ಕ್ ಜೀವ ಕೈಯಲ್ಲಿ ಹಿಡಿದು ಹೆಡ್‌ಗಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತದಲ್ಲ, ಅದರ ಲೆಕ್ಕ ಅದು. 12 ಎಂದರೆ ಡಿಸ್ಕ್ ಆನ್ ಆದ ಲೆಕ್ಕ. ಪ್ರತಿ ಟಕ್‌ಗೂ 192 ಒಂದೊಂದೇ ಏರುತ್ತಿದೆ, 12 ಮಾತ್ರ ನಿಂತಲ್ಲೇ ನಿಂತಿದೆ. ಲಿನಕ್ಸ್ ಲಾಗ್‌ನಲ್ಲೂ ಅದೇ ಹೊತ್ತಿಗೆ ಲಿಂಕ್ ರೀಸೆಟ್, ಅಂದರೆ ಡಿಸ್ಕಿನ ಸಂಪರ್ಕ ಕಡಿದು ಮತ್ತೆ ಜೋಡಣೆ. ಅಂದರೆ ಪವರ್ ಪೂರ್ತಿ ಹೋಗುತ್ತಿಲ್ಲ, ಒಂದು ಕ್ಷಣ ಕುಸಿದು ಸುಧಾರಿಸಿಕೊಳ್ಳುತ್ತಿದೆ.

ಆಷಾಢದ ಚಿಕ್ಕಮಗಳೂರಿನಲ್ಲಿ ಪವರ್ ಕುಸಿಯಿತು ಅಂದರೆ ಯಾರ ಮೇಲೆ ಅನುಮಾನ ಬರುತ್ತದೆ? ಸಂಜೆ ಊರೆಲ್ಲ ಗೀಸರ್ ಹಾಕುವ ಹೊತ್ತು, ನಮ್ಮ ಬೀದಿಯ ಬಲ್ಬು ಕೆಂಪಗಾಗುವ ಹೊತ್ತು. ಯುಪಿಎಸ್‌ನ ಪ್ಲಗ್ಗನ್ನೇ ಕಿತ್ತು ಬರೀ ಬ್ಯಾಟರಿ ಮೇಲೆ ಓಡಿಸಿ ನೋಡಿದೆ. ಟಕ್. ‘ಕೃಷ್ಣ ಕೃಷ್ಣ.’ ಲೈನ್ ಕರೆಂಟಿಗೆ ಕ್ಲೀನ್ ಚಿಟ್.

ಆಮೇಲೆ ಕಿವಿ ನಂಬುವುದು ಬಿಟ್ಟೆ. ಹಳೇ ಬಜರ್ ಒಡೆದು ಒಳಗಿನ ಪೀಜೋ ಬಿಲ್ಲೆ (ಅದುರಿದರೆ ಸಣ್ಣ ವಿದ್ಯುತ್ ಹುಟ್ಟಿಸುವಂಥದ್ದು) ತೆಗೆದು, ಮೊದಲ ಡಿಸ್ಕಿನ ಮೈಗೆ ಡಬಲ್ ಟೇಪಿನಲ್ಲಿ ಅಂಟಿಸಿ, ಮೈಕ್ ಜ್ಯಾಕಿಗೆ ಕೊಟ್ಟು, ಇಡೀ ಸಂಜೆ ಲ್ಯಾಪ್‌ಟಾಪಿನಲ್ಲಿ ಆಡಾಸಿಟಿ ರೆಕಾರ್ಡಿಂಗ್ ಹಾಕಿಟ್ಟೆ. ಶಬ್ದದ ಕಂಪನಗಳನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಂನಲ್ಲಿ 120 ಹರ್ಟ್ಸ್‌ನಲ್ಲಿ ಒಂದು ನೇರ ಗೆರೆ. ನಿಮಿಷಕ್ಕೆ 7200 ಸುತ್ತು ಅಂದರೆ ಸೆಕೆಂಡಿಗೆ 120, ಸರಿಯೇ ಇದೆ. ಟಕ್ ಬಿದ್ದ ಜಾಗದಲ್ಲಿ ಮೇಲಿಂದ ಕೆಳಗೆ ಚೂಪು ಗೀಟು. ಕಣ್ಣಿಗೆ ಬಿದ್ದದ್ದು ಅದಲ್ಲ, ಅದರ ಎಡಕ್ಕಿದ್ದದ್ದು: ಟಕ್‌ಗಿಂತ ಚೂರು ಮುಂಚೆ, ಕೆಳಗಿನಿಂದ ಇನ್ನೊಂದು ತೆಳು ಗೆರೆ ಏರಲು ಶುರುವಾಗಿ, ಬಾಗುತ್ತ ಬಾಗುತ್ತ ಬಂದು 120ಕ್ಕೆ ಸೇರಿಕೊಳ್ಳುತ್ತಿತ್ತು. ಅಲ್ಲಿಂದಾಚೆಗೆ ಆ ಗೆರೆ ದಪ್ಪ ಸಣ್ಣ, ದಪ್ಪ ಸಣ್ಣ.

ಆ ದಪ್ಪ ಸಣ್ಣವನ್ನು ಕಿವಿ ಮೊದಲೇ ಕೇಳಿತ್ತು, ಟಕ್ ಆದಮೇಲೆ ಬರುವ ‘ವೊಂಯ್... ವೊಂಯ್’. ಎರಡು ಡಿಸ್ಕ್ ಒಂದೇ ವೇಗ ಅಂದರೂ ಕೂದಲೆಳೆ ವ್ಯತ್ಯಾಸ ಇದ್ದೇ ಇರುತ್ತದೆ. ಹರ್ಟ್ಸ್‌ನ ಐದನೇ ಒಂದು ಭಾಗ ಆಚೀಚೆ ಆದರೆ ಸಾಕು, ಐದು ಸೆಕೆಂಡಿಗೊಮ್ಮೆ ಶಬ್ದ ಉಬ್ಬಿ ಇಳಿಯುತ್ತದೆ. ಅದನ್ನು ರಬ್ಬರ್ ವಾಷರ್ ಹಾಕಿದರೆ ಹೋಗುವ ಸಣ್ಣ ಕಿರಿಕಿರಿ ಅಂತ ಬದಿಗಿಟ್ಟಿದ್ದೆ. ಈಗ ನೋಡಿದರೆ ಅದೇ ಸಾಕ್ಷಿ! ಏರುವ ಗೆರೆ ಬೇರೆ ಯಾವುದೂ ಅಲ್ಲ, ಸಂಜೆ ಬ್ಯಾಕಪ್ ಹೊತ್ತಿಗೆ ಎರಡನೇ ಡಿಸ್ಕ್ ನಿದ್ದೆಯಿಂದ ಎದ್ದು ತಿರುಗಲು ಶುರುಮಾಡುವುದು. ಅದು ಏಳುವಾಗ ಮೊದಲನೆಯದು ಬೆಚ್ಚಿಬೀಳುತ್ತಿದೆ.

(ಈ ಪೀಜೋ ಬಿಲ್ಲೆಗೆ ಮುಂದಿನ ಕೆಲಸ ನಿಗದಿಯಾಗಿದೆ: ತೋಟಕ್ಕೆ ಟಿಪ್ಪಿಂಗ್ ಬಕೆಟ್ ಮಳೆಮಾಪಕ, ಅಂದರೆ ಇಷ್ಟು ನೀರು ತುಂಬಿದ ಕೂಡಲೇ ಪುಟ್ಟ ಬಕೆಟ್ ‘ಟಕ್’ ಅಂತ ಮಗುಚುವಂಥದ್ದು. ಮಾರ್ಕೆಟ್ಟಿನಲ್ಲಿ ಸಿಗುವವು 0.2 ಮಿಲಿಮೀಟರ್ ಲೆಕ್ಕದವು, ನಮ್ಮ ಕಾಫಿ ಬೆಳೆಗಾರರು ಕೇಳುವುದು ‘ಹೂಮಳೆ ಎಷ್ಟು ಸೆಂಟ್ ಆಯ್ತು?’ ಇಂಚಿನ ನೂರನೇ ಒಂದು ಭಾಗ ಸೆಂಟ್, ಅಂದರೆ 0.254 ಮಿಮೀ. ಹನ್ನೊಂದು ಸೆಂಟಿಮೀಟರ್ ಅಗಲದ ಬಾಯಿ ಇಟ್ಟರೆ ಸೆಂಟಿಗೆ ಸುಮಾರು 2.4 ಮಿಲಿ ನೀರು. ಬಕೆಟ್ ಅಷ್ಟಕ್ಕೇ ಮಗುಚುವ ಹಾಗೆ ಸ್ಕ್ರೂ ತಿರುಗಿಸಿದರೆ ಗುಣಾಕಾರದ ಗೊಡವೆಯೇ ಇಲ್ಲ, ಒಂದು ಟಕ್‌ಗೆ ಒಂದು ಸೆಂಟ್. ಪಿವಿಸಿ ಪೈಪ್ ತಂದಾಗಿದೆ. ಎಲೆ, ಇರುವೆ, ಜೇಡ ಇವುಗಳಿಗೆ ಏನು ಮಾಡುವುದು ಅನ್ನುವವರು ಐಡಿಯಾ ಕೊಡಿ.)

ಸರಿ, ಡಿಸ್ಕಿಗೆ ವಾಪಸ್. 12 ವೋಲ್ಟ್ ಬರುವ ಹಳದಿ ವೈರಿನಲ್ಲಿ ಮಲ್ಟಿಮೀಟರ್ 11.9 ತೋರಿಸುತ್ತಿತ್ತು, ಆದರೆ ಕ್ಷಣದ ಕುಸಿತ ಅದಕ್ಕೆ ಎಲ್ಲಿ ಕಾಣಬೇಕು. ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಗೆಳೆಯನ ಅಂಗೈ ಸ್ಕೋಪ್ ಎರವಲು ತಂದು, ಆ ಹಳದಿ ವೈರಿನ ಹಿಂದಿನಿಂದ ಗುಂಡುಸೂಜಿ ತೂರಿಸಿ, 11.4 ವೋಲ್ಟಿಗಿಂತ ಕೆಳಗಿಳಿದರೆ ಹಿಡಿ ಅಂತ ಟ್ರಿಗರ್ ಇಟ್ಟೆ. ಪಿಸಿ ಪವರ್ ಸಪ್ಲೈಗಳಿಗಿರುವ ಎಟಿಎಕ್ಸ್ ನಿಯಮದ ಕೆಳಗಿನ ಮಿತಿ ಅದೇ. ಬ್ಯಾಕಪ್ ಡಿಸ್ಕ್ ಎಬ್ಬಿಸಿದ ಕೂಡಲೇ ಗೆರೆ 10.5ಕ್ಕಿಂತಲೂ ಕೆಳಗೆ ಕುಸಿಯಿತು, ಟಕ್! ಸ್ಪ್ಲಿಟರ್‌ಗಿಂತ ಮುಂಚೆ, ಎಸ್‌ಎಂಪಿಎಸ್ ಕಡೆ ಅಳೆದರೆ ಕುಸಿತ ಹೆಸರಿಗಷ್ಟೇ. ಅಂದಮೇಲೆ ನುಂಗುತ್ತಿರುವುದು ನಡುವಿನ ಆ ಒಂದು ಜೋಡಣೆ. ಇಂಥ ಡಿಸ್ಕ್ ಏಳುವಾಗ 12 ವೋಲ್ಟಿನಲ್ಲಿ ಎರಡು ಆಂಪಿಯರ್ ಆಸುಪಾಸು ಎಳೆಯುತ್ತದೆ. ಮೊದಲನೆಯದರ ಪಾಲೂ ಸೇರಿದರೆ, ಅರ್ಧ ಓಮ್ ಪ್ರತಿರೋಧ ಅಡ್ಡ ಕೂತರೂ ಒಂದು ವೋಲ್ಟಿಗಿಂತ ಹೆಚ್ಚು ಅಲ್ಲೇ ಖಲಾಸ್.

ಮೋಲೆಕ್ಸ್ ಬಿಚ್ಚಿದಾಗ ಹಳದಿ ವೈರಿನ ಸುತ್ತ ಬಿಳಿ ಪ್ಲಾಸ್ಟಿಕ್ ಕಂದಿ ಟೀ ಬಣ್ಣಕ್ಕೆ ತಿರುಗಿತ್ತು. ಒಳಗಿನ ಕೊಳವೆ ಟರ್ಮಿನಲ್‌ನ ಸೀಳು ಅಗಲವಾಗಿ, ಪಿನ್ ಒಂದು ಬದಿಗೆ ಮಾತ್ರ ತಾಗುತ್ತಿತ್ತು, ತಾಗುವ ಕಡೆ ಕಪ್ಪು ಕಲೆ. ಕೆಂಪು, ಕಪ್ಪು ವೈರುಗಳ ಟರ್ಮಿನಲ್ ಹೊಳೆಯುತ್ತಿದ್ದವು. ಮೋಟರ್ ತಿನ್ನುವುದು ಹಳದಿಯನ್ನೇ, ಹಾಗಾಗಿ ಬೆಂದದ್ದೂ ಅದೇ.

ಸ್ಪ್ಲಿಟರ್ ಕಸದ ಬುಟ್ಟಿಗೆ. ಅದನ್ನು ಕೊಟ್ಟವರು ‘ಹೆವಿ ಡ್ಯೂಟಿ’ ಅಂತ ಬೇರೆ ಬರೆದಿದ್ದರು, ಯಾರ ಡ್ಯೂಟಿಯೋ. ಮೋಲೆಕ್ಸ್‌ನಿಂದಲೇ ಎಳೆಯಬೇಕಾದ ಅನಿವಾರ್ಯ ಇರುವವರು ಎರಕ ಹೊಯ್ದ ಸಾಟಾ ತಲೆಯ ಅಡಾಪ್ಟರ್ ಮಾತ್ರ ತರಬೇಡಿ. ಒಳಗೆ ವೈರ್ ಜರುಗಿ ಶಾರ್ಟ್ ಆಗಿ ಬೆಂಕಿ ಹತ್ತುವುದು ಅವೇ. ಹಿಂದೆ ಮುಚ್ಚಳ ಇದ್ದು, ವೈರ್ ಮೇಲೆ ಒತ್ತಿ ಕೂರಿಸುವ ಬಗೆಯದ್ದು ವಾಸಿ. ಇದನ್ನು ಪೇಟೆಯಲ್ಲಿ ಕೇಳಿದರೆ ‘ಎಲ್ಲಾ ಒಂದೇ ಸಾರ್’ ಅನ್ನುತ್ತಾರೆ.

ನಾನು ಸದ್ಯಕ್ಕೆ ಎಸ್‌ಎಸ್‌ಡಿ ಇರುವ ಸಾಲಿನ ಇನ್ನೊಂದು ಬಾಯಿಂದ ಡಿವಿಡಿ ರೈಟರ್ ಕಿತ್ತು ಮೊದಲ ಡಿಸ್ಕಿಗೆ ಕೊಟ್ಟೆ. ಬ್ಯಾಕಪ್ ಡಿಸ್ಕಿಗೆ ಮೋಲೆಕ್ಸ್‌ನಿಂದ ಒಳ್ಳೆ ಬಗೆಯ ಒಂಟಿ ಅಡಾಪ್ಟರ್. 192 ಅಲ್ಲಾಡದೆ ಕೂತಿದೆ, ಲಾಗ್ ಖಾಲಿ. ಡಿವಿಡಿ ರೈಟರ್‌ಗೆ ಕರೆಂಟೇ ಇಲ್ಲ. ಅಕ್ಕನ ಮದುವೆ ಡಿವಿಡಿ ಹಾಕು ಅಂತ ಯಾರಾದರೂ ಕೇಳುವ ತನಕ ಯಾರಿಗೂ ಗೊತ್ತಾಗುವುದಿಲ್ಲ.