ಇಂಜಿನ್ ಹೋದರೂ ಬೆಲೆ ಹೋಗಲಿಲ್ಲ

ಇಂಜಿನ್ ಕೈಕೊಟ್ಟು ನಿಂತಿದ್ದ ನಮ್ಮ ಹಳೇ ಫೋರ್ ವೀಲ್ ಡ್ರೈವ್ ಗಾಡಿಯನ್ನು ಈ ವಾರ ನಗದಿಗೆ ಮಾರಿದೆ.

ನೋಡಲು ಬಂದ ಹೆಚ್ಚಿನವರು ನೇರವಾಗಿ ಬಾನೆಟ್ ಎತ್ತಿದರು. ಕೊಂಡವರು ಮಾತ್ರ ಮೊದಲು ನೆಲಕ್ಕೆ ಮಲಗಿ ಗಾಡಿಯ ಅಡಿ ನೋಡಿದರು. ಛಾಸಿಯಲ್ಲಿ, ಅಂದರೆ ಗಾಡಿಯ ಅಡಿಯ ಚೌಕಟ್ಟಿನಲ್ಲಿ, ತುಕ್ಕಿದ್ದ ಕಡೆ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿದರು. ಎಡ ಬಲ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ನ ಆಯಿಲ್ ತೆಗೆದು ಬೆರಳಿಗೆ ಹಚ್ಚಿಕೊಂಡರು. ಅದು ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ. ಹೊಳೆ, ಹಳ್ಳ ದಾಟುವ ಗಾಡಿಗಳಿಗೆ ಈ ಕಾಟ ಇದ್ದದ್ದೇ. ನಮ್ಮದರ ಆಯಿಲ್ ಚೆನ್ನಾಗಿತ್ತು. ನನಗೆ ನಿಜವಾಗಿಯೂ ಹೆಮ್ಮೆಯಾಯಿತು.

ಇಂಥ ಗಾಡಿಗಳನ್ನು ಸುಮ್ನೆ ಕಬ್ಬಿಣದ ತೂಕಕ್ಕೆ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್, ಗೇರ್‌ಬಾಕ್ಸ್, ಆಕ್ಸಲ್ ಗಟ್ಟಿಯಿದ್ದರೆ ಅವು ಇನ್ನೊಂದು ಗಾಡಿಗೆ ಜೀವ ಕೊಡುತ್ತವೆ. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂಥ ದುಬಾರಿ ಲೋಹಗಳೇ ಇರುತ್ತವೆ.

ಹಾಗಂತ ಪೆಟ್ಟನ್ನು ಮುಚ್ಚಿಟ್ಟು ಮಾರುವುದೂ ಬೇಡ. ಬಣ್ಣ ಬಳಿದರೆ ಛಾಸಿ ನೇರ ಆಗುವುದಿಲ್ಲ. ಬಾಗಿದ ಛಾಸಿಯ ಗಾಡಿಯಲ್ಲಿ ನಾಳೆ ಯಾರೋ ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಾರೆ, ಅಲ್ವಾ? ನಮ್ಮ ಗಾಡಿ ಒಮ್ಮೆ ಬಂಡೆಗೆ ತಾಗಿದ್ದ ಜಾಗವನ್ನು ನಾನೇ ತೋರಿಸಿದೆ. ಅವರು ಅದಕ್ಕೆ ಬೆಲೆ ಸ್ವಲ್ಪ ಇಳಿಸಿದರು. ಇಳಿಸಲಿ, ಅದು ನ್ಯಾಯವೇ.

ಹಣ ಎಣಿಸಿಕೊಂಡೆ. ಒಡೆತನ ಬದಲಾಯಿಸುವ ಕಾಗದಕ್ಕೆ ಇಬ್ಬರೂ ಸಹಿ ಹಾಕಿ, ಒಂದು ಪ್ರತಿ ನನ್ನ ಬಳಿ ಇಟ್ಟುಕೊಂಡ ಮೇಲೆಯೇ ಕೀ ಕೊಟ್ಟೆ. ನಗದು ವ್ಯವಹಾರದಲ್ಲಿ ಆ ಕಾಗದ ಬಿಟ್ಟರೆ ಬೇರೆ ಸಾಕ್ಷಿ ಸಿಗುವುದು ಕಷ್ಟ.