ನೀಲಿ ಪಟ್ಟಿ ಕಿತ್ತುಹೋದ ಪಾತ್ರೆ

ನ್ಯೂಜೆರ್ಸಿಯ ಒಂದು ಶಾಲೆಯ ಊಟದ ಮನೆಯಲ್ಲಿ ನಾನು ಅಡುಗೆ ಕೆಲಸ ಮಾಡುತ್ತೇನೆ. ಜೂನ್ ಕೊನೆಗೆ ಶಾಲೆ ಮುಚ್ಚಿದರೆ ಸೆಪ್ಟೆಂಬರಿನವರೆಗೆ ಸಂಬಳವಿಲ್ಲ. ಹಾಗಾಗಿ ಬೇಸಿಗೆಯಲ್ಲಿ ಪೆನ್ಸಿಲ್ವೇನಿಯಾದ ಪೋಕೊನೊ ಬೆಟ್ಟಗಳಲ್ಲಿರುವ ಒಂದು ಯಹೂದಿ ಮಕ್ಕಳ ಶಿಬಿರದ ಅಡುಗೆಮನೆಗೆ ಹೋಗುತ್ತೇನೆ. ಸುಮಾರು ಮುನ್ನೂರು ಮಕ್ಕಳಿಗೆ, ಅವರನ್ನು ನೋಡಿಕೊಳ್ಳುವ ಯುವಕ ಯುವತಿಯರಿಗೆ ದಿನಕ್ಕೆ ಮೂರು ಹೊತ್ತು ಊಟ ಸಿದ್ಧವಾಗಬೇಕು. 2024ರ ಆಗಸ್ಟಿನಲ್ಲಿ ಶಿಬಿರ ಮುಗಿಯುವ ಹಿಂದಿನ ರಾತ್ರಿ ನಾನು ಮಾಡಿದ ಒಂದು ತಪ್ಪಿನ ಬಗ್ಗೆ, ಮುಖ್ಯವಾಗಿ ಅದನ್ನು ಹೇಳಲು ತಡಮಾಡಿದ್ದರ ಬಗ್ಗೆ, ಇಲ್ಲಿ ಬರೆಯುತ್ತಿದ್ದೇನೆ.

ಈ ಅಡುಗೆಮನೆ ಯಹೂದಿ ಧರ್ಮದ ಆಹಾರ ಕಟ್ಟಳೆಯಾದ ಕೋಷರ್ ನಿಯಮದಂತೆ ನಡೆಯುತ್ತದೆ. ಮಾಂಸವನ್ನೂ ಹಾಲಿನ ಪದಾರ್ಥಗಳನ್ನೂ ಕೂಡಿಸಿ ಬೇಯಿಸುವಂತಿಲ್ಲ, ಒಂದೇ ಊಟದಲ್ಲಿ ತಿನ್ನುವಂತಿಲ್ಲ. ಪಾತ್ರೆ, ಸೌಟು, ಚಾಕು, ತೊಳೆಯುವ ತೊಟ್ಟಿ ಎಲ್ಲವೂ ಎರಡೆರಡು ಜೊತೆ. ಮಾಂಸದ್ದಕ್ಕೆ ಕೆಂಪು ಪಟ್ಟಿ, ಹಾಲಿನದ್ದಕ್ಕೆ ನೀಲಿ. ಇದನ್ನೆಲ್ಲ ನೋಡಿಕೊಳ್ಳಲು ಮಶ್ಗಿಯಾಖ್ ಎಂಬ ಮೇಲ್ವಿಚಾರಕರು ಇಡೀ ದಿನ ಅಡುಗೆಮನೆಯಲ್ಲೇ ಇರುತ್ತಾರೆ. ಮೊಟ್ಟೆ ಒಡೆದಾಗ ರಕ್ತದ ಚುಕ್ಕೆ ಇದೆಯೇ ಎಂದು ನೋಡುವುದು, ಸೊಪ್ಪಿನ ಎಲೆಗಳನ್ನು ಬೆಳಕಿಗೆ ಹಿಡಿದು ಹುಳು ಹುಡುಕುವುದು ಅವರ ಕೆಲಸ. ಬೆಳಿಗ್ಗೆ ಒಲೆ ಹೊತ್ತಿಸುವವರೂ ಅವರೇ, ಏಕೆಂದರೆ ಯಹೂದಿಯಲ್ಲದ ನಾನು ಮೊದಲಿನಿಂದ ಕೊನೆಯವರೆಗೆ ಒಬ್ಬಳೇ ಬೇಯಿಸಿದ ಅಡುಗೆ ಅವರಿಗೆ ಸಲ್ಲದು. ಮೊದಲ ವಾರ ಇದು ನನಗೆ ಸ್ವಲ್ಪ ಚುಚ್ಚಿದ್ದು ನಿಜ. ನನ್ನ ಅಜ್ಜಿಯ ಮನೆಯಲ್ಲಿ ಮಡಿ, ಮುಸುರೆಗಳನ್ನು ನೋಡಿ ಬೆಳೆದವಳಾದ್ದರಿಂದ ಇದೂ ಅದೇ ಎಂದುಕೊಂಡಿದ್ದೆ. ಆದರೆ ಅಜ್ಜಿಯ ಮಡಿ ನಾನು ಮುಟ್ಟಿದರೆ ಕೆಡುತ್ತಿತ್ತು. ಇಲ್ಲಿ ಹಿಟ್ಟು ನಾದುವುದು, ಕೋಳಿ ಕತ್ತರಿಸುವುದು, ಬಡಿಸುವುದು ಎಲ್ಲವೂ ನನ್ನ ಕೈಯಿಂದಲೇ ಆಗುತ್ತದೆ. ಲೆಕ್ಕಕ್ಕೆ ಬರುವುದು ಯಾವ ಪಾತ್ರೆಯಲ್ಲಿ ಬಿಸಿಯಾದ ಏನು ಬಿದ್ದಿತು ಎಂಬುದು.

ಆ ವರ್ಷ ಕೊನೆಯ ವಾರದ ಗೊಂದಲಕ್ಕೆ ಪಂಚಾಂಗವೂ ಕಾರಣವಾಗಿತ್ತು. ಯಹೂದಿಗಳ ಆವ್ ತಿಂಗಳ ಮೊದಲ ಒಂಬತ್ತು ದಿನ, ಜೆರುಸಲೇಮಿನ ಎರಡು ದೇವಾಲಯಗಳು ನಾಶವಾದುದರ ಶೋಕದಲ್ಲಿ, ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗಿನ ವಾರದ ವಿಶ್ರಾಂತಿ ದಿನವಾದ ಶಬ್ಬತ್ ಬಿಟ್ಟು ಮಾಂಸ ತಿನ್ನುವುದಿಲ್ಲ. ಕೆಲವು ವರ್ಷ ಇದು ಜುಲೈನಲ್ಲೇ, ಶಿಬಿರದ ನಡುವೆ ಬಂದುಹೋಗುತ್ತದೆ. ಆದರೆ ನಮ್ಮ ಅಧಿಕಮಾಸದಂತೆ ಅವರಲ್ಲಿಯೂ ಕೆಲವು ವರ್ಷಗಳಿಗೆ ಹದಿಮೂರನೆಯ ತಿಂಗಳು ಸೇರುತ್ತದೆ. ಅಂಥ ವರ್ಷವಾದ್ದರಿಂದ ಆವ್ ತಿಂಗಳು ಆಗಸ್ಟ್ 5ಕ್ಕೆ ಆರಂಭವಾಗಿ, ಉಪವಾಸದ ತಿಶಾ ಬಆವ್ 12ರ ಸಂಜೆ ಶುರುವಾಯಿತು. ಶಿಬಿರ ಮುಗಿಯುವುದು 15ಕ್ಕೆ. ಇದರಿಂದ ಚೀಸ್, ಪಾಸ್ತಾ, ಮೊಟ್ಟೆ ದಿನಕ್ಕೆರಡು ಹೊತ್ತು ಖರ್ಚಾಗಿ ಬರಿದಾದರೆ, ಫ್ರೀಜರಿನಲ್ಲಿ ಕೋಳಿ ಹಾಗೆಯೇ ಉಳಿದಿತ್ತು. ಶಬ್ಬತ್ ಮುಗಿದ ಮರುದಿನ ನಾವು ಮಾಂಸದ ಪಾತ್ರೆಗಳನ್ನು ತೊಳೆದು, ಮುಂದಿನ ಜೂನಿಗೆಂದು ಪೆಟ್ಟಿಗೆಗೆ ತುಂಬಿಯೂ ಬಿಟ್ಟಿದ್ದೆವು.

ತಿಶಾ ಬಆವ್ ರಾತ್ರಿ ಊಟದ ಸಭಾಂಗಣದ ದೀಪಗಳನ್ನು ಆರಿಸಿದ್ದರು. ಎರಡು ತಿಂಗಳು ಮೇಜು ಗುದ್ದಿ ಹಾಡುತ್ತಿದ್ದ ಮಕ್ಕಳು ನೆಲದ ಮೇಲೆ ಕುಳಿತು, ಟಾರ್ಚಿನ ಬೆಳಕಿನಲ್ಲಿ ಪ್ರಲಾಪಗಳ ಗ್ರಂಥ ಓದುವುದನ್ನು ಕೇಳುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನೂ ಕೇಳಿದೆ. ಹೀಬ್ರೂ ನನಗೆ ತಿಳಿಯದು, ಆದರೂ ಆ ರಾಗ ತಿಳಿಯಿತು. ಎರಡು ದಿನ ಕಳೆದು 14ರ ಸಂಜೆ ಬೀಳ್ಕೊಡುಗೆಯ ಔತಣ. ಉಪವಾಸದ ಮರುದಿನ ಮಧ್ಯಾಹ್ನದವರೆಗೂ ಮುಂದುವರಿಯುವ ಮಾಂಸದ ನಿರ್ಬಂಧ ಅಂದು ಮುಗಿದಿದ್ದರಿಂದ ಉಳಿದ ಕೋಳಿಯನ್ನೆಲ್ಲ ಹುರಿಯುವುದೆಂದು ತೀರ್ಮಾನವಾಯಿತು. ಅದಕ್ಕಾಗಿ ಕಟ್ಟಿಟ್ಟ ಪೆಟ್ಟಿಗೆಗಳನ್ನು ಮತ್ತೆ ಬಿಚ್ಚಿದೆವು. ಅದೇ ಹೊತ್ತಿಗೆ ಹಾಲಿನ ಬದಿಯಲ್ಲಿ, ಮರುದಿನ ಬಸ್ಸಿನಲ್ಲಿ ಹೋಗುವ ಮಕ್ಕಳ ಪೊಟ್ಟಣಕ್ಕೆ ಬೇಗಲ್ ಎಂಬ ಬಳೆಯಾಕಾರದ ಬ್ರೆಡ್ಡುಗಳಿಗೆ ಕ್ರೀಮ್ ಚೀಸ್ ಹಚ್ಚುವ ಕೆಲಸ ನಡೆದಿತ್ತು. ಎರಡೂ ಬದಿ ಒಟ್ಟಿಗೆ ನಡೆಯುವುದು ನಮ್ಮಲ್ಲಿ ಅಪರೂಪ. ಪಾತ್ರೆ ತೊಳೆಯುವವರಲ್ಲಿ ಇಬ್ಬರು ಆಗಲೇ ಊರಿಗೆ ಹೊರಟುಹೋಗಿದ್ದರು. ಹೊರಗೆ ಹದಿನೈದು ಹದಿನಾರರ ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು. ಅಷ್ಟು ಬಿಕ್ಕಳಿಕೆಯ ನಡುವೆಯೂ ಎರಡನೆಯ ಸಲ ಕೋಳಿ ಕೇಳಲು ಬಂದವರು ಅವರೇ.

ಊಟ ಮುಗಿದ ಮೇಲೆ ಒಲೆಯ ಮೇಲಿದ್ದ ಬಿಸಿ ಗ್ರೇವಿಯನ್ನು ಪಕ್ಕದಲ್ಲಿದ್ದ ಒಂದು ಅಗಲ ಸ್ಟೀಲ್ ಪಾತ್ರೆಗೆ ಸುರಿದೆ. ಅದರ ಮೇಲೆ ಪಟ್ಟಿ ಇರಲಿಲ್ಲ. ಪಾತ್ರೆ ತೊಳೆಯುವ ಯಂತ್ರದ ಬಿಸಿನೀರಿಗೆ ಪಟ್ಟಿ ಕಿತ್ತುಹೋಗುವುದು ಋತುವಿನ ಕೊನೆಯಲ್ಲಿ ಸಾಮಾನ್ಯವಾದ್ದರಿಂದ, ಮಾಂಸದ ಬದಿಯಲ್ಲಿದೆ ಎಂದರೆ ಮಾಂಸದ್ದೇ ಎಂದುಕೊಂಡೆ. ರಾತ್ರಿ ಹನ್ನೊಂದರ ಸುಮಾರಿಗೆ ಗ್ರೇವಿ ಚೆಲ್ಲಿ, ಪಾತ್ರೆ ತೊಳೆದು ಒರೆಸುವಾಗ ಅಂಚಿನ ಕೆಳಗೆ ಉಗುರಿನಷ್ಟು ನೀಲಿ ಚೂರು ಅಂಟಿಕೊಂಡಿರುವುದು ಕಂಡಿತು.

ಮಶ್ಗಿಯಾಖ್ ಅವರು ಹತ್ತು ಹೆಜ್ಜೆ ದೂರದಲ್ಲಿಯೇ ಇದ್ದರು. ಉಪವಾಸದ ಆಯಾಸ ಅವರ ಮುಖದ ಮೇಲೆ ಇನ್ನೂ ಇತ್ತು. ಈ ಹೊತ್ತಿನಲ್ಲಿ ಹೇಳಿ ಅವರ ನಿದ್ದೆ ಏಕೆ ಕೆಡಿಸಲಿ, ಬೆಳಿಗ್ಗೆ ಹೇಳಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದರಲ್ಲಿ ಕರುಣೆ ಎಷ್ಟು, ಬೈಸಿಕೊಳ್ಳುವ ಭಯ ಎಷ್ಟು ಎಂದು ಈಗ ಕೇಳಿದರೆ ಭಯವೇ ಹೆಚ್ಚು ಎನ್ನಬೇಕು. ಪಾತ್ರೆಯನ್ನು ಮೂಲೆಯಲ್ಲಿ ಬೋರಲು ಹಾಕಿ ಮಲಗಲು ಹೋದೆ. ಬೆಳಿಗ್ಗೆ ಐದಕ್ಕೆ ಬಂದು ನೋಡಿದರೆ, ರಾತ್ರಿ ಪಾಳಿಯವರು ಅಲ್ಲಿದ್ದ ಎಲ್ಲವನ್ನೂ ಇನ್ನೊಮ್ಮೆ ಯಂತ್ರಕ್ಕೆ ಹಾಕಿ, ಒಂದರೊಳಗೊಂದು ಜೋಡಿಸಿ ಇಟ್ಟಿದ್ದರು. ಆ ನೀಲಿ ಚೂರೂ ಹೋಗಿತ್ತು. ಒಂದೇ ಅಳತೆಯ ಹದಿನಾಲ್ಕು ಪಾತ್ರೆಗಳಲ್ಲಿ ಯಾವುದು ಅದು ಎಂದು ನನಗೇ ತಿಳಿಯಲಿಲ್ಲ.

ಆಗ ಮಶ್ಗಿಯಾಖ್ ಅವರಿಗೆ ಹೇಳಿದೆ. ಅವರು ಬೈಯಲಿಲ್ಲ. ಎಷ್ಟು ಬಿಸಿ ಇತ್ತು, ಎಷ್ಟು ಹೊತ್ತು ಇತ್ತು, ಯಾವ ತೊಟ್ಟಿಯಲ್ಲಿ ತೊಳೆದೆ ಎಂದು ಮೂರೇ ಪ್ರಶ್ನೆ ಕೇಳಿ, ತಮ್ಮ ಧರ್ಮಗುರು ರಬ್ಬಿಗೆ ಫೋನ್ ಮಾಡಿದರು. ರಾತ್ರಿಯೇ ತಿಳಿದಿದ್ದರೆ ಒಂದು ಪಾತ್ರೆಯನ್ನು ಬದಿಗಿಟ್ಟು, ಒಂದು ಹಗಲು ರಾತ್ರಿ ಬಳಸದೆ ಬಿಟ್ಟು, ಕುದಿಯುವ ನೀರಿನಲ್ಲಿ ಮುಳುಗಿಸಿ ಶುದ್ಧಿ ಮಾಡಿದರೆ ಆಗುತ್ತಿತ್ತಂತೆ. ಈಗ ಹದಿನಾಲ್ಕೂ ಸಂಶಯಕ್ಕೆ ಬಿದ್ದವು, ಅಷ್ಟು ನೀರು ಕುದಿಸಿ ಕುಳಿತುಕೊಳ್ಳಲು ಯಾರಿಗೂ ಸಮಯವಿರಲಿಲ್ಲ. ಅವರು ಎಲ್ಲವನ್ನೂ ಒಂದು ಪೆಟ್ಟಿಗೆಗೆ ಹಾಕಿ, ಸುತ್ತ ಹಳದಿ ಪಟ್ಟಿ ಬಿಗಿದು, ಬಳಸಬಾರದು ಎಂದು ಹೀಬ್ರೂವಿನಲ್ಲೂ ಇಂಗ್ಲಿಷಿನಲ್ಲೂ ಬರೆದರು. ನಡೆದದ್ದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಡುವಂತೆ ನನಗೆ ಹೇಳಿದರು. ಶಿಕ್ಷೆ ಎಂದುಕೊಂಡು ಬರೆದೆ. ಜೂನಿನಲ್ಲಿ ಪೆಟ್ಟಿಗೆ ತೆರೆಯುವವರು ಬೇರೆಯವರಾಗಿರಬಹುದು, ಹತ್ತು ತಿಂಗಳು ಯಾರ ನೆನಪೂ ಉಳಿಯುವುದಿಲ್ಲ ಎಂದು ಅವರೇ ಆಮೇಲೆ ಹೇಳಿದಾಗ ಹಾಳೆಯ ಉದ್ದೇಶ ಅರ್ಥವಾಯಿತು.

ಒಂಬತ್ತು ಗಂಟೆಗೆ ಬಸ್ಸುಗಳು ಹೊರಟವು. ಸಭಾಂಗಣದಲ್ಲಿ ಉಳಿದದ್ದು ಒಂದು ಕಾಲುಚೀಲ, ಎರಡು ನೀರಿನ ಬಾಟಲಿ ಮತ್ತು ಯಾರೂ ಕೊಂಡೊಯ್ಯದ ಏಳು ಬೇಗಲ್ ಪೊಟ್ಟಣ.

ಮುಂದಿನ ಜೂನಿನಲ್ಲಿ ಹೋದಾಗ ಹಾಳೆ ಪೆಟ್ಟಿಗೆಯ ಮೇಲೆಯೇ ಇತ್ತು. ಮಶ್ಗಿಯಾಖ್ ಹೊಸಬರು, ಓದಿ, ಇದು ನಿಮ್ಮ ಅಕ್ಷರವೇ ಎಂದು ಕೇಳಿ, ದೊಡ್ಡ ಹಂಡೆಗೆ ನೀರು ಹಾಕಿ ಒಲೆ ಹೊತ್ತಿಸಿದರು. ಹದಿನಾಲ್ಕು ಪಾತ್ರೆಗಳನ್ನೂ ಒಂದೊಂದಾಗಿ ಕುದಿನೀರಿಗೆ ಮುಳುಗಿಸಿ, ತೆಗೆದು, ತಣ್ಣೀರು ಹಾಕುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಪಟ್ಟಿ ಅಂಟಿಸುವ ಬದಲು ಈ ಸಲ ಅಂಚಿಗೇ ಗುರುತು ಕೊರೆಸೋಣವೇ ಎಂದು ನಾನು ಕೇಳಿದೆ. ಕೊರೆಯುವ ಯಂತ್ರ ತರಿಸಲು ಅವರು ಅಂದೇ ಬರೆದು ಹಾಕಿದರು.