ಕೋಟೆ ನೀಲಿ: ಬಟ್ಟೆ ಹೊದಿಕೆಯ ನೋಟ್‌ಬುಕ್, ಐದನೇ ವಾರದವರೆಗೆ

ಒಟ್ಟು 12 ನೋಟ್‌ಬುಕ್ ಆಗಬೇಕು. ಒಳಗೆ ಬಹುಪಾಲು ಖಾಲಿ ಹಾಳೆ, ಹೊರಗೆ ಕೋರಾ ಬಟ್ಟೆ. ಬಟ್ಟೆಯ ಮೇಲೆ ಚಿತ್ರದುರ್ಗದ ಕೋಟೆಗೋಡೆಯ ಫೋಟೊ, ಬೆನ್ನಿನ ಪಕ್ಕದ ಬಿಳಿ ಪಟ್ಟಿಯಲ್ಲಿ ಕೈಬರಹದ ‘ಚಿತ್ರದುರ್ಗ’. ಅಚ್ಚು ಸಯನೊಟೈಪ್‌ನದು: 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ, ಕಬ್ಬಿಣದ ಲವಣಕ್ಕೆ ಬಿಸಿಲು ತಾಗಿಸಿ ನೀಲಿ ಮೂಡಿಸುವ ವಿಧಾನ. ಕೆಲಸ ದಾವಣಗೆರೆಯಲ್ಲಿ ನಡೆದಿದೆ. 11 ಹೊದಿಕೆ ಪ್ರಯತ್ನಿಸಿ 7 ಒಪ್ಪವಾಗಿವೆ, 4 ಪುಸ್ತಕ ಹೊಲಿದಾಗಿದೆ.

ಫೋಟೊ, ಅಕ್ಷರ, ಬೈಂಡಿಂಗ್ ಮೂರನ್ನೂ ಬೇರೆ ಬೇರೆ ಮುಗಿಸಿ ಕೊನೆಗೆ ಜೋಡಿಸುವ ಯೋಚನೆಯನ್ನು ಮೊದಲ ವಾರವೇ ಕೈಬಿಟ್ಟೆವು. ರಟ್ಟಿನ ಅಳತೆ ಗೊತ್ತಿಲ್ಲದೆ ಫೋಟೊದ ಚೌಕಟ್ಟು ಕೂರುವುದಿಲ್ಲ. ಬಟ್ಟೆಯ ನೇಯ್ಗೆ ಎಣಿಸದೆ ಅಕ್ಷರ ಬರೆದರೆ ಅದು ಉಳಿಯುವುದಿಲ್ಲ. ಹಾಗಾಗಿ ಕೊನೆಯ ಹಂತದಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬಂದೆವು.

ಅಳತೆ

ಪುಸ್ತಕ ಎ5. 2 ಮಿ.ಮೀ. ದಪ್ಪದ ರಟ್ಟು, ಒಂದೊಂದೂ 145×216 ಮಿ.ಮೀ. ಬೆನ್ನಿನ ಪಟ್ಟಿ 16, ಎರಡೂ ಕಡೆ ಮಡಿಕೆಗೆ ಬಿಟ್ಟ ಸಂದು 7. ಸುತ್ತ ಒಳಮಡಿಸಲು 18 ಸೇರಿಸಿದರೆ ಬಟ್ಟೆ 356×252 ಮಿ.ಮೀ. ಬರುತ್ತದೆ. ನೇಯ್ಗೆಯ ಹಾಸು (ಉದ್ದದ ಎಳೆ) ಬೆನ್ನಿಗೆ ಸಮಾನಾಂತರವಾಗಿರಬೇಕು.

ಹೊಸ ಬಟ್ಟೆಯನ್ನು ಹಾಗೇ ಕತ್ತರಿಸಬೇಡಿ. ಗಿರಣಿಯಲ್ಲಿ ಹಾಕಿದ ಗಂಜಿ ನೂಲಿನ ಮೇಲೆ ಕೂತಿರುವುದರಿಂದ ಅಚ್ಚಿನ ದ್ರಾವಣ ಒಳಗಿಳಿಯದೆ ಮೇಲೇ ನಿಲ್ಲುತ್ತದೆ, ತೊಳೆಯುವಾಗ ನೀಲಿ ಗಂಜಿಯ ಜೊತೆಗೇ ಹೊರಟುಹೋಗುತ್ತದೆ. ಅರ್ಧ ಗಂಟೆ ಕುದಿಸಿ, ಹಿಂಡಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿ ಹಾಕಬೇಕು. ನಾವು ತಂದ ಬಟ್ಟೆ ಇದರಲ್ಲೇ ಮೀಟರಿಗೆ 4 ಸೆಂ.ಮೀ. ಕುಗ್ಗಿತು.

ಫೋಟೊ

ಸಯನೊಟೈಪ್‌ನಲ್ಲಿ ಆಕಾಶ ನೀಲಿಯಾಗುತ್ತದೆ ಎಂದುಕೊಳ್ಳುವವರು ಬಹಳ. ಆಗುವುದು ಉಲ್ಟಾ. ಆಕಾಶ ಬೆಳ್ಳಗಿರುವುದರಿಂದ ನೆಗೆಟಿವ್‌ನಲ್ಲಿ (ಕಪ್ಪು-ಬಿಳುಪು ಅದಲುಬದಲಾದ ಹಾಳೆಯಲ್ಲಿ) ಕಪ್ಪಾಗಿ, ಬಟ್ಟೆಯಲ್ಲಿ ಬರೀ ಬಿಳಿಯಾಗಿ ಉಳಿಯುತ್ತದೆ. ನೀಲಿ ಸಿಗುವುದು ನೆರಳಿಗೆ. ಆದ್ದರಿಂದ ಆಕಾಶ ಬಿಟ್ಟು ಕಲ್ಲನ್ನೇ ತುಂಬಿಸಿಕೊಂಡೆವು. ದುರ್ಗದ ಗೋಡೆಯಲ್ಲಿ ಗಾರೆಯಿಲ್ಲದೆ ಕಚ್ಚಿ ಕೂರಿಸಿದ ಕಲ್ಲುಗಳಿವೆಯಲ್ಲ, ಆ ಸಂದಿನ ಕಪ್ಪು ಗೆರೆಗಳು ಈ ವಿಧಾನಕ್ಕೆ ಹೇಳಿ ಮಾಡಿಸಿದಂತಿವೆ.

ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದದ್ದು ಕೆಲಸಕ್ಕೆ ಬರಲಿಲ್ಲ. ಗ್ರಾನೈಟ್‌ನ ಮುಖ ಪೂರ್ತಿ ಬಿಳುಪು, ಸಂದು ಪೂರ್ತಿ ಕಪ್ಪು. ನಡುವಿನ ಛಾಯೆಯೇ ಇಲ್ಲ. ಬೆಳಿಗ್ಗೆ 7ರ ಸುಮಾರಿಗೆ ಓರೆ ಬಿಸಿಲು ಕಲ್ಲಿನ ಉಳಿ ಗುರುತನ್ನು ಎತ್ತಿ ತೋರಿಸುತ್ತದೆ. ಕ್ಯಾಮೆರಾದ ಸೆಟ್ಟಿಂಗ್: ಐಎಸ್‌ಒ 100, ಎಫ್/8, ಸೆಕೆಂಡಿನ 1/125. ಟ್ರೈಪಾಡ್ ಬೇಕಿದ್ದರೆ ಮೊದಲೇ ಅನುಮತಿ ಕೇಳಿಕೊಳ್ಳಿ. ಈ ವೇಗದಲ್ಲಿ ಅದಿಲ್ಲದೆಯೂ ನಡೆಯುತ್ತದೆ.

ಕಂಪ್ಯೂಟರ್‌ನಲ್ಲಿ ಕ್ರಮ ಹೀಗೆ: ಕಪ್ಪು-ಬಿಳುಪು ಮಾಡಿ, ನೆರಳನ್ನು ಸ್ವಲ್ಪ ಎತ್ತಿ, ಬಣ್ಣ ತಿರುವುಮುರುವು ಮಾಡಿ, ಕನ್ನಡಿಯ ಹಾಗೆ ಅಡ್ಡ ತಿರುಗಿಸಿ, ಇಂಕ್‌ಜೆಟ್‌ನಲ್ಲಿ ಓಎಚ್‌ಪಿ (ಪಾರದರ್ಶಕ) ಹಾಳೆಗೆ ಅತಿ ಹೆಚ್ಚಿನ ಗುಣಮಟ್ಟದಲ್ಲಿ ಪ್ರಿಂಟ್. ಅಡ್ಡ ತಿರುಗಿಸುವುದು ಶಾಯಿಯ ಮುಖ ಬಟ್ಟೆಗೆ ತಾಗಲೆಂದು. ಶಾಯಿ ಮೇಲಿದ್ದರೆ ಹಾಳೆಯ ದಪ್ಪದಷ್ಟು ಬೆಳಕು ಪಕ್ಕಕ್ಕೆ ನುಸುಳಿ ಅಂಚು ಮಸುಕಾಗುತ್ತದೆ. ಜೆರಾಕ್ಸ್ ಅಂಗಡಿಯ ಲೇಸರ್ ಪ್ರಿಂಟಿನಲ್ಲಿ ಟೋನರ್‌ಗೆ ಸಾಂದ್ರತೆ ಸಾಲದು. ಎರಡು ಹಾಳೆ ಒಂದರ ಮೇಲೊಂದಿಟ್ಟರೆ ಅಕ್ಷರಕ್ಕೆ ನಡೆಯುತ್ತದೆ, ಫೋಟೊಗೆ ನಡೆಯದು, ಯಾಕೆಂದರೆ ಯಂತ್ರದ ಬಿಸಿಗೆ ಎರಡೂ ಒಂದೇ ಸಮ ಕುಗ್ಗುವುದಿಲ್ಲ.

ತ್ರ ಮತ್ತು ರ್ಗ

ಐದು ವಾರದಲ್ಲಿ ಅತಿ ಹೆಚ್ಚು ಹೊತ್ತು ತಿಂದದ್ದು ಈ ಎರಡು ಅಕ್ಷರ. ‘ತ್ರ’ದ ಕೆಳಗಿನ ಒತ್ತು ಮತ್ತು ಮೇಲಿನ ‘ತ’ದ ನಡುವೆ ಮೊದಲ ಬರಹದಲ್ಲಿ 0.5 ಮಿ.ಮೀ. ಸಂದು ಬಿಟ್ಟಿದ್ದೆವು. ಕಾಗದದಲ್ಲಿ ಚೆನ್ನಾಗಿ ಬಂತು. ಬಟ್ಟೆಯಲ್ಲಿ ಎರಡೂ ಸೇರಿ ಒಂದೇ ಮುದ್ದೆ. ಅರ್ಕಾವೊತ್ತಿನ ತಲೆಯ ಸುರುಳಿ ಮುಚ್ಚಿಕೊಂಡು ಚುಕ್ಕೆಯಾಯಿತು; ಅಷ್ಟಾದರೆ ‘ದುರ್ಗ’ ಓದಿಸಿಕೊಳ್ಳುವುದೇ ಇಲ್ಲ.

ಭೂತಗನ್ನಡಿ ಇಟ್ಟು ಎಣಿಸಿದಾಗ ಕಾರಣ ಸಿಕ್ಕಿತು. ನಮ್ಮ ಬಟ್ಟೆಯಲ್ಲಿ ಇಂಚಿಗೆ 60 ಎಳೆ, ಅಂದರೆ ಒಂದು ಎಳೆಯ ಜಾಗ 0.42 ಮಿ.ಮೀ. ಅರ್ಧ ಮಿ.ಮೀ. ಸಂದಿನಲ್ಲಿ ಒಂದೇ ಒಂದು ಎಳೆ ಬಿಳಿಯಾಗಿ ಉಳಿಯಬೇಕು. ಎರಡೂ ಬದಿಯಿಂದ ನೀಲಿ ಆ ಎಳೆಯೊಳಗೇ ಹರಡಿ ಬರುವಾಗ ಅದು ಉಳಿಯುವುದೆಲ್ಲಿ? ಅಂದಿನಿಂದ ನಿಯಮ ಒಂದೇ: ಯಾವ ಬಿಳಿ ಸಂದೂ ಮೂರು ಎಳೆಗಿಂತ, ಅಂದರೆ 1.3 ಮಿ.ಮೀ.ಗಿಂತ, ಕಡಿಮೆ ಇರಬಾರದು. ಅಕ್ಷರದ ಗೆರೆಯನ್ನು 3ರಿಂದ 2.4ಕ್ಕೆ ಇಳಿಸಿ, ಒತ್ತನ್ನು ಕೆಳಕ್ಕೆ ಸರಿಸಿ, ಅರ್ಕಾವೊತ್ತಿನ ಸುರುಳಿಯನ್ನು 1.6ಕ್ಕೆ ಅಗಲಿಸಿದೆವು. ಪರದೆಯ ಮೇಲೆ ಈಗ ಅಕ್ಷರ ಸಡಿಲವಾಗಿ ಕಾಣುತ್ತದೆ. ಬಟ್ಟೆಯ ಮೇಲೆ ಸರಿಯಾಗಿ ಕೂರುತ್ತದೆ, ನಂಬಬೇಕಾದದ್ದು ಅದನ್ನೇ.

ಒಳಪುಟದ ಟೈಪ್ ಮಾಡಿದ ಸಾಲುಗಳಿಗೆ ಯೂನಿಕೋಡ್ ಫಾಂಟ್, ಇಂಕ್‌ಸ್ಕೇಪ್ ತಂತ್ರಾಂಶ. ಕೆಲವು ತಂತ್ರಾಂಶಗಳಲ್ಲಿ ಭಾರತೀಯ ಲಿಪಿಯ ಆಯ್ಕೆ ಆನ್ ಮಾಡದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗುತ್ತದೆ. ಬೇರೆ ಕಂಪ್ಯೂಟರ್‌ಗೆ ಕೊಡುವ ಮೊದಲು ಅಕ್ಷರವನ್ನು ಪಾತ್‌ಗೆ (ಗೆರೆಯ ಚಿತ್ರಕ್ಕೆ) ಬದಲಿಸಿ.

ದ್ರಾವಣ, ಬಿಸಿಲು

ಒಂದು ಸೀಸೆಯಲ್ಲಿ 100 ಮಿ.ಲೀ. ನೀರಿಗೆ ಫೆರಿಕ್ ಅಮೋನಿಯಂ ಸಿಟ್ರೇಟ್ (ಹಸಿರು) 25 ಗ್ರಾಂ. ಇನ್ನೊಂದರಲ್ಲಿ 100 ಮಿ.ಲೀ.ಗೆ ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂ. ಎರಡೂ ಕಂದು ಸೀಸೆ. ಮೊದಲನೆಯದಕ್ಕೆ ಬೂಸ್ಟು ಹಿಡಿಯುತ್ತದೆ, ಬಟ್ಟೆಯಲ್ಲಿ ಸೋಸಿ ಬಳಸಬಹುದು. ಆಯಾ ದಿನಕ್ಕೆ ಬೇಕಾದಷ್ಟನ್ನೇ ಸಮಸಮ ಬೆರೆಸಬೇಕು. ಒಂದು ಹೊದಿಕೆಗೆ 6+6 ಮಿ.ಲೀ. ಸಾಕು. ಅಡಿಗೆಮನೆಯ ಪಾತ್ರೆ ಬೇಡ, ಕೈಗವಸು ಬೇಕು. ಫೆರಿಸಯನೈಡ್‌ಗೆ ಪ್ರಬಲ ಆಮ್ಲ ತಾಗಿಸಬಾರದು, ಕಾಯಿಸಲೂಬಾರದು: ವಿಷಾನಿಲ ಬರುತ್ತದೆ.

ಬಳಿಯಲು ಸ್ಪಂಜಿನ ಬ್ರಷ್. ತಗಡಿನ ಪಟ್ಟಿಯ ಬ್ರಷ್ ಆಗಲಿ, ಬಟ್ಟೆ ಹಿಡಿಯಲು ಗುಂಡುಸೂಜಿಯಾಗಲಿ ಬೇಡ. ಕಬ್ಬಿಣ ತಾಗಿದಲ್ಲೆಲ್ಲ ನೀಲಿ ಚುಕ್ಕೆ ಏಳುತ್ತದೆ. ಮರದ ಕ್ಲಿಪ್ ಒಳ್ಳೆಯದು. ಬೆಳಕಿಗೆ ಝೀರೊ ಬಲ್ಬ್. ಟ್ಯೂಬ್‌ಲೈಟ್ ಕೆಳಗೆ ಒಣಗಿಸಿದ ಒಂದು ಹೊದಿಕೆಯ ಬಿಳಿ ಭಾಗವೆಲ್ಲ ತಿಳಿನೀಲಿಯಾಗಿ ಹಾಳಾಯಿತು.

ಬಟ್ಟೆ, ಅದರ ಮೇಲೆ ನೆಗೆಟಿವ್, ಮೇಲೆ 5 ಮಿ.ಮೀ. ಗಾಜು, ಕೆಳಗೆ ಪ್ಲೈವುಡ್, ಸುತ್ತ ಕ್ಲಿಪ್. 4, 6, 8, 10, 12 ನಿಮಿಷದ ಪರೀಕ್ಷಾ ಪಟ್ಟಿ ತೆಗೆದಾಗ ದಾವಣಗೆರೆಯ ಈಗಿನ ಬಿಸಿಲಿಗೆ, 11ರಿಂದ 1ರ ಒಳಗೆ, ಕಾಗದಕ್ಕೆ 7 ನಿಮಿಷ, ಬಟ್ಟೆಗೆ 9. ಗಡಿಯಾರಕ್ಕಿಂತ ಬಣ್ಣ ನೋಡಿ: ಹಳದಿ-ಹಸಿರು ಹೋಗಿ ನೀಲಿಯಾಗಿ, ಆಮೇಲೆ ನೆರಳಿನ ಭಾಗ ಬೂದಿ ಬಣ್ಣಕ್ಕೆ ತಿರುಗಬೇಕು. ನೀಲಿಯಾದಾಗಲೇ ತೆಗೆದರೆ ತೊಳೆಯುವಾಗ ಅರ್ಧ ಹೋಗುತ್ತದೆ. ಗಾಜು ಮುಚ್ಚುವಾಗ ನೆಗೆಟಿವ್ ಜರುಗಿ ಎರಡೆರಡು ಅಂಚು ಬಂದದ್ದು ಒಂದು ಹೊದಿಕೆಯಲ್ಲಿ. ಈಗ ಎರಡು ಮೂಲೆಗೆ ಟೇಪ್ ಹಚ್ಚುತ್ತೇವೆ.

ನೀರು

ಹಾಳಾದ 4ರಲ್ಲಿ ಉಳಿದ ಎರಡು ಹೊದಿಕೆ ಕೆಟ್ಟದ್ದು ಬೋರ್‌ವೆಲ್ ನೀರಿನಿಂದ. ಸಯನೊಟೈಪ್‌ನಲ್ಲಿ ಮೂಡುವ ನೀಲಿ, ಅಂದರೆ ಪ್ರಷ್ಯನ್ ನೀಲಿಗೆ ಕ್ಷಾರ ಆಗದು. ನಮ್ಮ ಗಡಸು ನೀರಿನಲ್ಲಿ ಕಾಲು ಗಂಟೆ ಬಿಟ್ಟಾಗ ಕಲ್ಲಿನ ನಡುಛಾಯೆ ಮೊದಲು ಮಾಸಿತು, ಆಮೇಲೆ ನೆರಳೂ ಹಳದಿಗೆ ಹೊರಳಿತು. ಈಗ ನಲ್ಲಿಯಲ್ಲಿ ಹೊಳೆ ನೀರು ಬಂದ ದಿನವೇ ತೊಳೆಯುವುದು. ಮೊದಲ ಬಕೆಟ್‌ಗೆ, 10 ಲೀಟರ್‌ಗೆ, ಒಂದು ಚಮಚ ನಿಂಬೆ ಉಪ್ಪು. ಆಮೇಲೆ ಹಳದಿ ಬಿಡುವುದು ನಿಲ್ಲುವ ತನಕ ಬರೀ ನೀರು, ಸುಮಾರು 12 ನಿಮಿಷ. ನೆರಳಲ್ಲಿ ಒಣಗಿಸಿದರೆ ಒಂದು ದಿನದಲ್ಲಿ ನೀಲಿ ತಾನಾಗಿ ಗಾಢವಾಗುತ್ತದೆ. ಕ್ಷಾರ ಆಗದ ಕಾರಣಕ್ಕೇ ಸಿದ್ಧ ಪುಸ್ತಕವನ್ನು ಸೋಪಿನ ನೀರಿನಲ್ಲಿ ಒರೆಸುವಂತಿಲ್ಲ.

ಹೊಲಿಗೆ, ಅಂಟು

ಎ4 ಹಾಳೆಯ ನಾರು ಸಾಮಾನ್ಯವಾಗಿ ಉದ್ದಕ್ಕಿರುತ್ತದೆ; ಎ5ಗೆ ಮಡಿಸಿದರೆ ಅದು ಬೆನ್ನಿಗೆ ಅಡ್ಡ ಬಂದು, ಅಂಟು ಹಚ್ಚಿದ ಮೇಲೆ ಹಾಳೆ ಅಲೆಯಲೆಯಾಗುತ್ತದೆ. ದೊಡ್ಡ ಹಾಳೆ ತಂದು ನಾರು ನೋಡಿ ಕತ್ತರಿಸಬೇಕು. ಎರಡೂ ಕಡೆ ಬಗ್ಗಿಸಿ ನೋಡಿ, ಸುಲಭವಾಗಿ ಬಗ್ಗುವ ಮಡಿಕೆಯ ಗುಂಟ ನಾರು ಇರುತ್ತದೆ. 4 ಹಾಳೆಯ 10 ಮಡಿಕೆ, 160 ಪುಟ. ದಬ್ಬಳದಿಂದ ತಲೆಯಿಂದ 15, 60, 105, 150, 195 ಮಿ.ಮೀ.ಗೆ ತೂತು. ದಾರಕ್ಕೆ ಜೇನುಮೇಣ ಸವರಿ 1.2 ಮೀಟರ್ ತುಂಡುಗಳಲ್ಲಿ ಹೊಲಿಯುವುದು ಹಗುರ.

ಬಟ್ಟೆಗೆ ಫೆವಿಕಾಲ್ ನೇರವಾಗಿ ಹಚ್ಚಿದರೆ ನೇಯ್ಗೆಯ ಮೂಲಕ ಮೇಲೆ ಬಂದು ಮಿನುಗುವ ಕಲೆ ಬಿಡುತ್ತದೆ. ಮೊದಲು ತೆಳು ಕಾಗದವನ್ನು ಮೈದಾ ಅಂಟಿನಿಂದ ಬಟ್ಟೆಯ ಹಿಂಬದಿಗೆ ಹಚ್ಚಬೇಕು, ಒಂದು ಪಾಲು ಮೈದಾಗೆ ಐದು ಪಾಲು ನೀರು. ಹುಳ ಹಿಡಿಯದಿರಲಿ ಎಂದು ಬೈಂಡರ್‌ಗಳು ಹಾಕುವ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಇಲ್ಲಿ ಬಿಟ್ಟಿದ್ದೇವೆ. ತೊಳೆದ ಮೇಲೂ ಬಟ್ಟೆಯಲ್ಲಿ ಫೆರಿಸಯನೈಡ್ ಜಾತಿಯ ಲವಣದ ಉಳಿಕೆ ಇದ್ದರೆ ತಾಮ್ರ ಅದರೊಂದಿಗೆ ಸೇರಿ ಕಂದು ಕಲೆ ಬೀಳುವ ಅಪಾಯವಿದೆ. ಬೆನ್ನಿಗೆ ಚಳ್ಳಕೆರೆ ಕಂಬಳಿಯ ಪಟ್ಟಿ ಹಾಕಿ ನೋಡಿದೆವು. ನೋಡಲು ಚೆಂದ, ಆದರೆ 3 ಮಿ.ಮೀ. ದಪ್ಪ 7 ಮಿ.ಮೀ. ಸಂದಿನಲ್ಲಿ ಮಡಚಲಿಲ್ಲ. ಸಂದನ್ನು 11ಕ್ಕೆ ಏರಿಸಿ ಒಂದು ಪುಸ್ತಕದಲ್ಲಿ ಮತ್ತೆ ಪ್ರಯತ್ನಿಸಬೇಕು.

ಬಾಕಿ

5 ಹೊದಿಕೆ, 8 ಹೊಲಿಗೆ. ಮೋಡ ಕವಿಯುವ ಮೊದಲು ಅಚ್ಚು ಮುಗಿಯಬೇಕು, ಹೊಲಿಗೆ ಮಳೆಯಲ್ಲೂ ಆಗುತ್ತದೆ. ಕುದಿಸಿದ ಎರಡೂವರೆ ಮೀಟರ್ ಬಟ್ಟೆ ಇಸ್ತ್ರಿಯಾಗಿ ಮಡಿಸಿಟ್ಟಿದೆ. ಕೋಟೆಯೊಳಗಿನ ಅಕ್ಕ-ತಂಗಿಯರ ಹೊಂಡದ ಮೆಟ್ಟಿಲುಗಳ ಎರಡನೇ ನೆಗೆಟಿವ್ ನಾಳೆ ಪ್ರಿಂಟ್‌ಗೆ ಹೋಗುತ್ತದೆ.